ತೊಟ್ಟಿಲಿನಿಂದ ಹೊಸ್ತಿಲಿಗೆ



ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವನ್ನು ಬಲ್ಲವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿಯಾಗಲಿ, ನಿಮ್ಮ ನಿಮ್ಮ ಕೊಟ್ಟಿಗೆಗಳಲ್ಲಿಯಾಗಲಿ ಹಸು ಈಯುವುದನ್ನು ಕಂಡಿರುವಿರಿ. ನೆಲಕ್ಕೆ ಬಿದ್ದ ಕರುವನ್ನು ತಾಯಿ ಇನ್ನೂ ನೆಕ್ಕುತ್ತಿರುವಾಗಲೇ ಅದು ಕಾಲೂರಲು ಹವಣಿಸುತ್ತದೆ; ಎರಡು ಸಲ ಮುಗ್ಗರಿಸುತ್ತದೆ, ಮೂರನೆಯ ಸಲ ನಿಲ್ಲುತ್ತದೆ, ಒಂದೆರಡು ತಾಸು ಕಳೆಯುವುದರೊಳಗಾಗಿ ಕೆಚ್ಚಲನ್ನು ತಾನೇ ಅರಸಿಕೊಂಡು ಹೋಗುತ್ತದೆ. ಮನುಷ್ಯನ ಕೂಸಿಗೆ ಈ ಅನುಕೂಲವಿಲ್ಲ. ತನ್ನ ತಲೆಯ ಭಾರವನ್ನು ತಾನು ಹೊರುವುದಕ್ಕೆ ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. ತನ್ನ ಕಾಲಮೇಲೆ ತಾನು ನಿಲ್ಲುವುದಕ್ಕೆ ಸುಮಾರು ಒಂದು ವರುಷ ಬೇಕು. ತನ್ನ ಹಸಿವನ್ನು ಎರಡು ಪದ ಕೂಡಿಸಿ ಹೇಳುವುದಕ್ಕೆ ಎರಡು ವರುಷವೇ ಬೇಕು.

ಪ್ರಾಣಿಗಳಲ್ಲೆಲ್ಲ ತಾನೇ ಮೇಲೆಂದು ಬೀಗುವ ಮನುಷ್ಯ ಹುಟ್ಟಿನಲ್ಲಿ ಕರುವಿಗಿಂತ ಇಷ್ಟು ಹಿಂದೆ ಬಿದ್ದದ್ದೇಕೆ? ವೈದ್ಯಶಾಸ್ತ್ರ ಇದಕ್ಕೆ ಕೊಡುವ ಉತ್ತರ ಮನನೀಯವಾಗಿದೆ. ಹುಟ್ಟಿದ ಕೂಸಿನ ಮಿದುಳು ವಯಸ್ಕರ ಮಿದುಳಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ. ಎರಡು ವರುಷ ತುಂಬುವಷ್ಟರಲ್ಲಿ ಅದು ಮುಕ್ಕಾಲು ಭಾಗವನ್ನೂ ಮೀರಿ ಬೆಳೆದಿರುತ್ತದೆ. ಎಂದರೆ ಬಸಿರಿನಲ್ಲಿ ಮುಗಿಯಬೇಕಾದ ಕೆಲಸದ ಬಹುಪಾಲನ್ನು ನಿಸರ್ಗವು ಮನೆಯ ಪಡಸಾಲೆಗೆ ಬಿಟ್ಟುಕೊಟ್ಟಿದೆ. ತಾಯಿ ಆಡುವ ಮಾತು, ಅಜ್ಜಿ ಹಾಡುವ ಜೋಗುಳ, ತಂದೆಯ ತೋಳು, ಅಣ್ಣ ಅಕ್ಕಂದಿರ ಗದ್ದಲ, ಇವೆಲ್ಲವೂ ಆ ಮಿದುಳಿಗೆ ಆಹಾರ. ಇಂತಹ ಹೊಣೆ ಮನೆಯವರ ಮೇಲೆ ಬಿದ್ದಿರುವಾಗ ವಚನಧರ್ಮವನ್ನು ಕುರಿತ ಈ ಪತ್ರಿಕೆಯಲ್ಲಿ ಕೂಸಿನ ಕತ್ತು ನಿಲ್ಲುವ ಮಾತನ್ನೇಕೆ ತೆಗೆದರೆಂದು ಯಾರೂ ಅಚ್ಚರಿಪಡಬೇಕಾಗಿಲ್ಲ. ನಾವು ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಬೇರೊಂದು ಕಾರಣವೂ ಉಂಟು. ಅದು ನಮ್ಮಿಂದಲೇ ಆದ ಒಂದು ತಪ್ಪು. ಅದನ್ನು ಮುಂದೆ ಬಿನ್ನವಿಸುತ್ತೇವೆ.

ಭೀಮಕವಿಯ ಬಸವಪುರಾಣ ಬರೆಯಲ್ಪಟ್ಟದ್ದು 1369ರಲ್ಲಿ. ಅದರಲ್ಲಿ ಬರುವ ಬೆಜ್ಜಮಹಾದೇವಿಯ ಕಥೆಯನ್ನು ನೀವು ಪುರಾಣ ಹಚ್ಚಿದಾಗ ಕೇಳಿರುವಿರಿ. ಶಿವನಿಗೆ ಎಲ್ಲರೂ ಉಂಟು, ತಾಯಿಯೊಬ್ಬಳಿಲ್ಲವಲ್ಲ ಎಂದು ಆ ತಾಯಿಗೆ ಮರುಕ ಹುಟ್ಟಿತು. ಹೆತ್ತವಳೊಬ್ಬಳಿದ್ದಿದ್ದರೆ ವಿಷ ಕುಡಿಯಲು ಬಿಡುತ್ತಿದ್ದಳೆ, ಹಾವನ್ನು ಕೊರಳಿಗೆ ಸುತ್ತಿಕೊಳ್ಳಲು ಬಿಡುತ್ತಿದ್ದಳೆ ಎಂದು ಕೊರಗಿ, ತಾನೇ ಅವನಿಗೆ ತಾಯಿಯಾಗಿ ನಿಂತಳು. ಎಣ್ಣೆಯೊತ್ತಿ ಎರೆದಳು, ಕಾಡಿಗೆಯಿಟ್ಟಳು, ಹಾಲೂಡಿದಳು. ಅವಳನ್ನು ಪರೀಕ್ಷಿಸಲೆಂದು ಶಿವನು ಒಂದು ದಿನ ಗಂಟಲ ಬೇನೆಯನ್ನು ನಟಿಸಿ ಹಾಲನ್ನು ಒಲ್ಲೆನೆಂದ. ಆಗ ಆಕೆ ಪಟ್ಟ ಸಂಕಟವನ್ನು ಪುರಾಣಿಕರು ಬಣ್ಣಿಸುವಾಗ ಕೇಳುವವರ ಕಣ್ಣಲ್ಲಿ ನೀರಾಡುತ್ತದೆ. ಆಕೆ ಪ್ರಾಣವನ್ನೇ ಬಿಡಲು ಹೊರಟಾಗ ಶಿವನು ಮೈದೋರಿದನೆಂಬಲ್ಲಿಗೆ ಕಥೆ ಮುಗಿಯುತ್ತದೆ.

ಇದನ್ನು ಭಕ್ತಿಯ ಪರಾಕಾಷ್ಠೆಯೆಂದು ನಾವೂ ಎಷ್ಟೋ ಕಡೆ ಹೇಳಿದ್ದೇವೆ. ಈಚೆಗೆ ಆ ಕಥೆಯಲ್ಲಿ ನಮಗೆ ಇನ್ನೊಂದು ಅಂಶ ಕಾಣತೊಡಗಿದೆ. ನಿನ್ನೆ ಕುಡಿದ ಹಾಲನ್ನು ಇಂದು ಕುಡಿಯಲಿಲ್ಲವೆಂಬುದು ಬೆಜ್ಜಮಹಾದೇವಿಗೆ ಒಡನೆಯೇ ತಿಳಿಯಿತು. ತಿಳಿದದ್ದು ಹೇಗೆ? ಆಕೆ ದಿನದಿನವೂ ನೋಡುತ್ತಿದ್ದಳು. ಒಲ್ಲೆನೆಂದದ್ದನ್ನು ದೇವರ ಲೀಲೆಯೆಂದು ಹೇಳಿ ಮಗ್ಗುಲಾಗಲಿಲ್ಲ. ಗಂಟಲಿಗೆ ಏನಾಗಿದೆಯೆಂದು ಹಂಬಲಿಸಿದಳು. ಸಾಕ್ಷಾತ್ ಶಿವನಲ್ಲಿಯೇ ಬೇನೆಯನ್ನು ಗುರುತಿಸುವ ಕಣ್ಣು ಅವಳದು. ನಮ್ಮ ಮನೆಯ ಕೂಸುಗಳನ್ನು ನೋಡುವುದಕ್ಕೆ ಬೇಕಾದ ಕಣ್ಣೂ ಇದೇ.

ನಮ್ಮ ಹಿರಿಯರಲ್ಲಿ ಆ ಕಣ್ಣು ಇಲ್ಲದೆ ಇರಲಿಲ್ಲ. ಕಾಗದವೂ ಕಾರ್ಡೂ ಇಲ್ಲದ ಕಾಲದಲ್ಲಿ ಅವರು ಮಗುವಿನ ಬೆಳವಣಿಗೆಯನ್ನು ಅಡುಗೆಮನೆಯಲ್ಲಿಯೇ ದಾಖಲೆಮಾಡಿಡುತ್ತಿದ್ದರು. ಮಗು ಮೊದಲ ಸಲ ಬೋರಲು ಬಿದ್ದ ದಿನ ಮನೆಯಲ್ಲಿ ಒಂದು ಸಿಹಿ. ಅಂಬೆಗಾಲಿಟ್ಟ ದಿನ ಇನ್ನೊಂದು ತಿಂಡಿ. ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು, ಕಾಯಿ ಒಡೆದು, ಕಡುಬು ಮಾಡಿ ನೆರೆಮನೆಗಳಿಗೆ ಬೀರುವುದು. ಮನೆಯಿಂದ ಮನೆಗೆ ತಿಂಡಿ ಬೇರೆಯಾದೀತು, ಆದರೆ ನೆಪ ಒಂದೇ. ಕಡುಬಿನ ಬಟ್ಟಲು ಬಂದೊಡನೆ ಇಂತಹವರ ಮಗು ಹೊಸ್ತಿಲು ದಾಟಿತೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಬಾರದಿದ್ದರೆ, ಯಾಕವ್ವ ನಿನ್ನ ಮೊಮ್ಮಗ ಇನ್ನೂ ಬೋರಲು ಬಿದ್ದಿಲ್ಲವೆ ಎಂದು ಕೇಳುವ ಮುದುಕಿಯೊಬ್ಬಳು ಇದ್ದೇ ಇರುತ್ತಿದ್ದಳು. ಈಗ ತರೀಕೆರೆಯ ಪೇಟೆಯಲ್ಲಿ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಮೇಣದ ಬತ್ತಿಯೂ ಕೇಕೂ ಬಂದಿವೆ. ಬರಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಹುಟ್ಟುಹಬ್ಬ ಪಂಚಾಂಗ ತಿರುಗಿದ್ದನ್ನು ಹೇಳುತ್ತದೆ. ಹೊಸ್ತಿಲ ಕಡುಬು ಮಗು ಬೆಳೆದದ್ದನ್ನು ಹೇಳುತ್ತಿತ್ತು.

ಕೂಸಿಗೆ ಎರೆಯುವ ಅಜ್ಜಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವವಳ ಅಂಗೈಗೆ ತಿಳಿಯುವಷ್ಟು ಮತ್ತಾರಿಗೂ ತಿಳಿಯದು. ಒಂದು ಕಾಲು ಮರದಂತೆ ಬಿಗಿಯುತ್ತದೆಯೆ, ಎರಡು ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹಾಯುತ್ತವೆಯೆ, ಮೈಯೆಲ್ಲ ಒದ್ದೆ ಬಟ್ಟೆಯಂತೆ ಸಡಿಲವಾಗಿದೆಯೆ, ಒಂದು ಮುಷ್ಟಿ ತೆರೆಯದೆಯೇ ಉಳಿದಿದೆಯೆ, ಇವೆಲ್ಲವನ್ನೂ ಮೊದಲು ಅರಿಯುವವಳು ಅವಳೇ. ಅರಿತದ್ದನ್ನು ಅವಳು ಬಾಯಿಬಿಟ್ಟು ಹೇಳಬೇಕು. ಇದರ ಜೊತೆಗೆ ಒಂದು ಮಾತು: ಕೂಸಿನ ಕಿವಿಗೂ ಮೂಗಿಗೂ ಎಣ್ಣೆ ಬಿಡುವ ರೂಢಿಯನ್ನು ಮಾತ್ರ ಕೈಬಿಡಿರಿ. ಅದರಿಂದ ಲಾಭವಿಲ್ಲ, ಅಪಾಯವುಂಟು. ಅಂತೆಯೇ ಎಳೆಗೂಸಿನ ಲಿಂಗವನ್ನು ಅದು ಬೆಳೆಯುವವರೆಗೆ ತಾಯಿಯೇ ಕಾಪಾಡುವುದು ಲೇಸು. ಮಲಗಿದ ಮಗುವಿನ ಕೊರಳಲ್ಲಿ ಯಾವ ದಾರವೂ ಇರಬಾರದು.

ಇನ್ನು ಕ್ರಮದ ವಿಷಯ. ಮಗುವಿನ ಬೆಳವಣಿಗೆ ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಆಮೇಲೆ ಸೊಂಟ, ಕಡೆಗೆ ಕಾಲು. ಕುಳಿತುಕೊಳ್ಳಲಾರದ ಮಗು ನಡೆಯಲಾರದು. ಷಟ್‌ಸ್ಥಲದಲ್ಲಿ ಭಕ್ತಸ್ಥಲವನ್ನು ಬಿಟ್ಟು ಐಕ್ಯಸ್ಥಲಕ್ಕೆ ಹಾರಲಾಗದೆಂದು ನಾವು ಹೇಳುವುದಿಲ್ಲವೆ, ಹಾಗೆ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದೆಂಬುದು ನಮಗೂ ಗೊತ್ತು. ಕ್ರಮ ಉಂಟೆಂಬುದನ್ನು ತೋರಿಸುವಷ್ಟಕ್ಕೆ ಅದು ಸಾಕು.

ಆದರೆ ಕ್ರಮ ಒಂದೇ ಆದರೂ ಕಾಲ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ದೆಹಲಿಯನ್ನೂ ಸೇರಿಸಿಕೊಂಡು ಐದು ದೇಶಗಳ 800ಕ್ಕೂ ಹೆಚ್ಚು ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಒಂದು ಲೆಕ್ಕವನ್ನು ಹೊರತಂದರು. ಆಸರೆಯಿಲ್ಲದೆ ಕುಳಿತುಕೊಳ್ಳುವುದು ಒಂದು ಮಗುವಿಗೆ 4ನೆಯ ತಿಂಗಳಲ್ಲೇ ಸಾಧ್ಯವಾದರೆ ಇನ್ನೊಂದಕ್ಕೆ 9 ತಿಂಗಳಾಯಿತು. ತಾನಾಗಿ ನಡೆಯುವುದು ಒಂದಕ್ಕೆ 8 ತಿಂಗಳಿಗೆ ಬಂದರೆ ಇನ್ನೊಂದಕ್ಕೆ 17 ತಿಂಗಳು ದಾಟಿದ ಮೇಲೆ ಬಂದಿತು. ಇಷ್ಟು ಅಂತರವಿದ್ದರೂ ಇವರೆಲ್ಲರೂ ಆರೋಗ್ಯವಂತ ಮಕ್ಕಳೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನು ಇಡಲೇ ಇಲ್ಲ. ಕುಳಿತಲ್ಲಿಂದ ಎದ್ದು ನಿಂತು ನಡೆದುಬಿಟ್ಟವು. ಕುಂಡೆಯ ಮೇಲೆ ಸರಿಯುವ ಮಕ್ಕಳನ್ನು ನೀವೂ ಕಂಡಿರುವಿರಿ. ಅಮೆರಿಕೆಯ ರೋಗನಿಯಂತ್ರಣ ಕೇಂದ್ರದವರು 2022ರಲ್ಲಿ ತಮ್ಮ ಪಟ್ಟಿಯಿಂದ ಅಂಬೆಗಾಲಿನ ಮೆಟ್ಟಿಲನ್ನೇ ತೆಗೆದುಹಾಕಿದರು.

ಆದಕಾರಣ ಕಡೂರಿನ ಸಂತೆಯಲ್ಲಿ ಇಬ್ಬರು ಬೀಗಿತಿಯರು ಎದುರುಬದುರಾದಾಗ, ನಮ್ಮ ಮೊಮ್ಮಗ ಹತ್ತು ತಿಂಗಳಿಗೆ ನಡೆದ, ನಿಮ್ಮದು ವರ್ಷವಾದರೂ ಕೂತೇ ಇದೆಯಲ್ಲ ಎಂದು ಆಡುವ ಮಾತಿಗೆ ತೂಕವಿಲ್ಲ. ಆ ಮಾತು ಮಗುವಿಗೆ ತಾಗದು. ಹೆತ್ತ ಸೊಸೆಗೆ ತಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರಂತೂ ಹೋಲಿಕೆಯೇ ತಪ್ಪು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಎಂಟು ತಿಂಗಳ ಆ ಮಗುವಿನಿಂದ ಆರು ತಿಂಗಳ ಕೂಸಿನ ಆಟವನ್ನೇ ನಿರೀಕ್ಷಿಸಬೇಕು. ಎರಡು ವರುಷದವರೆಗೂ ಈ ಲೆಕ್ಕವೇ ನ್ಯಾಯ. ನಡೆಯುವುದನ್ನು ಬೇಗ ಕಲಿಸಲೆಂದು ಕೆಳಗೆ ಚಕ್ರವಿರುವ ವಾಕರಿನಲ್ಲಿ ಕೂಸನ್ನು ಕೂರಿಸುವವರುಂಟು. ಅದು ನಡಿಗೆಯನ್ನು ಕಲಿಸುವುದಿಲ್ಲ. ಮೆಟ್ಟಿಲಿನ ಮೇಲಿಂದ ಉರುಳಿಸುತ್ತದೆ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಮಗು ತಾನೇ ನಿಂತು ತಳ್ಳಿಕೊಂಡು ಹೋಗುವ ನಮ್ಮ ಮೂರು ಗಾಲಿಯ ಮರದ ಗಾಡಿಯ ಮಾತು ಬೇರೆ.

ಕಾಲಿನ ಮೇಲಿರುವಷ್ಟು ಗಮನ ಜನಕ್ಕೆ ಕೈಯ ಮೇಲೂ ಮುಖದ ಮೇಲೂ ಇರುವುದಿಲ್ಲ. ಅಲ್ಲಿ ನಡೆಯುವ ಬೆಳವಣಿಗೆಯೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ಸೋಜಿಗದ್ದು. ಮೊದಲ ವಾರಗಳಲ್ಲಿ ಕೂಸು ನಿದ್ದೆಯಲ್ಲಿ ನಕ್ಕರೆ ದೇವರು ಆಡಿಸುತ್ತಿದ್ದಾನೆನ್ನುತ್ತಾರೆ. ಒಂದೂವರೆ ಎರಡು ತಿಂಗಳ ಹೊತ್ತಿಗೆ ಅದು ಎಚ್ಚರದಲ್ಲಿ, ತಾಯಿಯ ಮುಖವನ್ನು ನೋಡಿ ನಗುತ್ತದೆ. ಈ ಎರಡನೆಯ ನಗುವೇ ಮನುಷ್ಯ ಮನುಷ್ಯನಿಗೆ ಶರಣೆನ್ನುವ ಮೊದಲ ಮಾತು. ಆರು ತಿಂಗಳಿಗೆ ಈ ಕೈಯ ಗಿಲಕಿಯನ್ನು ಆ ಕೈಗೆ ದಾಟಿಸುತ್ತದೆ. ಒಂಬತ್ತು ಹತ್ತನೆಯ ತಿಂಗಳಿಗೆ ಹೆಬ್ಬೆಟ್ಟು ತೋರುಬೆರಳುಗಳ ತುದಿಯಿಂದ ನೆಲದ ಮೇಲಿನ ಒಂದು ಮಂಡಕ್ಕಿಯನ್ನು ಹೆಕ್ಕುತ್ತದೆ. ತರೀಕೆರೆಯ ಕಡೆಯ ತೋಟದ ಮನೆಗಳವರು ಈ ತಿಂಗಳುಗಳಲ್ಲಿ ಅಂಗಳದ ಅಡಿಕೆಯ ಚೂರುಗಳ ಮೇಲೆ ಕಣ್ಣಿಡಬೇಕು. ಹೆಕ್ಕಿದ್ದೆಲ್ಲ ಬಾಯಿಗೆ, ಬಾಯಿಯದು ಶ್ವಾಸನಾಳಕ್ಕೆ.

ಎಂಟು ಒಂಬತ್ತು ತಿಂಗಳ ಮಗು ಹೊಸಬರನ್ನು ಕಂಡರೆ ಅಳುತ್ತದೆ. ಈ ಅಳುವಿನ ಅನುಭವ ನಮಗೆ ಸಾಕಷ್ಟುಂಟು. ಪಾದಪೂಜೆಗೆ ಹೋದಾಗ ತಾಯಿ ಮಗುವನ್ನು ತಂದು ನಮ್ಮ ಮಡಿಲಿಗೆ ಹಾಕುತ್ತಾಳೆ. ಗಡ್ಡವನ್ನೂ ಕಾವಿಯನ್ನೂ ಕಂಡು ಅದು ಮನೆ ಹಾರಿಹೋಗುವಂತೆ ಕಿರಿಚುತ್ತದೆ. ಮನೆಯವರು ನಾಚಿ, ಬುದ್ಧಿಯವರನ್ನು ಕಂಡು ಅಳಬಾರದು ಎಂದು ಗದರುತ್ತಾರೆ. ಗದರಬೇಡಿರಿ. ಮೂರು ತಿಂಗಳ ಹಿಂದೆ ಅದಕ್ಕೆ ಎಲ್ಲ ಮಡಿಲೂ ಒಂದೇ ಆಗಿತ್ತು. ಈಗ ತನ್ನವರಾರು, ಹೊರಗಿನವರಾರು ಎಂಬ ಅರಿವು ಮೂಡಿದೆ. ಆ ಅಳುವನ್ನು ನಾವು ಅವಮಾನವೆಂದು ಎಂದೂ ತಿಳಿದಿಲ್ಲ.

ವರುಷದ ಹೊತ್ತಿಗೆ ಒಂದೆರಡು ಮಾತು ಬರುತ್ತವೆ. ಅದರ ಆಸುಪಾಸಿನಲ್ಲಿ ಮಗು ತೋರುಬೆರಳನ್ನು ಚಾಚಿ ತೋರಿಸುವುದನ್ನು ಕಲಿಯುತ್ತದೆ. ಮೊದಲು ಬೇಕಾದದ್ದನ್ನು ತೋರಿಸುತ್ತದೆ. ತರುವಾಯ ಬೇಕಾಗಿಲ್ಲದಿದ್ದರೂ ತೋರಿಸುತ್ತದೆ. ಬೇಲಿಯ ಮೇಲಿನ ಕಾಗೆಯನ್ನು ತೋರಿ, ತಾಯಿಯ ಮುಖ ನೋಡಿ, ಮತ್ತೆ ಕಾಗೆಯನ್ನು ನೋಡುತ್ತದೆ. ನಾನು ಕಂಡದ್ದನ್ನು ನೀನೂ ಕಾಣು ಎಂಬ ಆಸೆ ಅದು. ಅನುಭವಮಂಟಪದಲ್ಲಿ ಶರಣರು ಕೂಡಿ ಕುಳಿತು ಮಾಡಿದ್ದೂ ಅದನ್ನೇ ಎಂದು ನಮಗೆ ಒಮ್ಮೊಮ್ಮೆ ತೋರುತ್ತದೆ. ಒಂದೂವರೆ ವರುಷವಾದರೂ ಮಗು ಏನನ್ನೂ ಬೆರಳಿಟ್ಟು ತೋರಿಸದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಮುಖಕ್ಕೆ ಮುಖ ಕೊಡದಿದ್ದರೆ, ಅದು ಬರಿಯ ನಾಚಿಕೆಯೆಂದು ಸುಮ್ಮನಿರಬಾರದು.

ಎರಡು ವರುಷದ ಮಗುವಿನ ಹಟದ ವಿಷಯದಲ್ಲಿ ತಾಯಂದಿರು ನಮ್ಮಲ್ಲಿ ದೂರು ತರುವುದುಂಟು. ಎಲ್ಲಕ್ಕೂ ಬೇಡವೆನ್ನುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ, ಆಟಿಕೆಯನ್ನು ಯಾರೂ ಮುಟ್ಟದಂತೆ ನಂದು ನಂದು ಎಂದು ಎದೆಗವಚಿಕೊಳ್ಳುತ್ತದೆ, ದಾಸೋಹದ ಮನೆತನದಲ್ಲಿ ಇಂತಹ ಜಿಪುಣ ಹೇಗೆ ಹುಟ್ಟಿತು ಬುದ್ಧಿ, ಎಂದು ಒಬ್ಬ ತಾಯಿ ಕೇಳಿದಳು. ನಾನು ನನ್ನದೆಂಬುದನ್ನು ಬಿಡಿರೆಂದು ಬೋಧಿಸುವುದೇ ನಮ್ಮ ಕೆಲಸವಾದುದರಿಂದ ಅವಳ ಪ್ರಶ್ನೆ ನಮ್ಮನ್ನು ಯೋಚನೆಗೆ ಹಚ್ಚಿತು. ತನ್ನದಾಗದೆ ಇದ್ದುದನ್ನು ಅರ್ಪಿಸುವುದು ಹೇಗೆ? ನನ್ನದೆಂಬ ಅರಿವು ಮೊದಲು ಗಟ್ಟಿಯಾಗಬೇಕು. ಕೊಡುವ ಸುಖ ಆಮೇಲೆ ಹುಟ್ಟುತ್ತದೆ. ಮೂರು ವರುಷಕ್ಕೆ ಮೊದಲು ಹಂಚಿಕೊಳ್ಳುವುದು ಮಗುವಿನ ಅಳವಿಗೆ ಮೀರಿದ್ದು. ಬಲಾತ್ಕಾರವಾಗಿ ಕಿತ್ತು ನೆರೆಮನೆಯ ಮಗುವಿಗೆ ಕೊಟ್ಟರೆ ಅದು ಕಲಿಯುವುದು ಕಿತ್ತುಕೊಳ್ಳುವುದನ್ನು. ಹಟ ಬಂದಾಗ ಹೊಡೆಯುವುದೂ ಬೇಡ, ಕೇಳಿದ್ದನ್ನೆಲ್ಲ ಕೊಡುವುದೂ ಬೇಡ. ಪೆಟ್ಟು ತಗಲದಂತೆ ನೋಡಿಕೊಂಡು ಹತ್ತಿರ ಕುಳಿತಿದ್ದರೆ ಸಾಕು, ಮಳೆಯಂತೆ ಬಂದು ಹೋಗುತ್ತದೆ. ಅಳು ನಿಲ್ಲಿಸಲು, ತುತ್ತು ನುಂಗಿಸಲು ಕೈಗೆ ಮೊಬೈಲನ್ನು ಕೊಡುವ ಚಾಳಿಯೊಂದು ಈಗ ಹಳ್ಳಿಹಳ್ಳಿಗೂ ಹಬ್ಬಿದೆ. ಒಂದು ವರುಷದೊಳಗಿನ ಮಕ್ಕಳಿಗೆ ಅದು ಕೂಡದೇ ಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಾರಿತು. ಎರಡು ವರುಷದ ಮಗುವಿಗೂ ದಿನಕ್ಕೆ ಒಂದು ಗಂಟೆ ಮೀರಬಾರದೆಂದಿತು. ಮೊಬೈಲು ಮಾತಾಡುತ್ತದೆ ನಿಜ, ಮಗು ಆಡಿದ ಮಾತಿಗೆ ಮರುಮಾತಾಡುವುದಿಲ್ಲ.

ಇನ್ನು ನಮ್ಮ ತಪ್ಪಿನ ಕಥೆ.

ಕೆಲವು ವರುಷಗಳ ಹಿಂದೆ ಶ್ರಾವಣದಲ್ಲಿ ಅಜ್ಜಂಪುರ ಸೀಮೆಯ ಒಂದು ಗ್ರಾಮಕ್ಕೆ ಹೋಗಿದ್ದೆವು. ಅಡ್ಡಪಲ್ಲಕ್ಕಿಯೇನೂ ಇರಲಿಲ್ಲ, ಆದರೂ ಊರವರ ಉತ್ಸಾಹ, ನಂದಿಕೋಲು, ಸಮಾಳ, ಪಟಾಕಿ ಎಲ್ಲವೂ ಇದ್ದವು. ಬಿನ್ನಹದ ಮನೆಯ ಪಡಸಾಲೆಯಲ್ಲಿ ಸೀರೆಯ ಜೋಲಿಯೊಳಗೆ ಐದು ತಿಂಗಳ ಗಂಡುಕೂಸು ಮಲಗಿತ್ತು. ಬಾಗಿಲಲ್ಲಿ ಸಮಾಳ ಭೋರ್ಗರೆಯುತ್ತಿದ್ದರೂ ಅದು ರೆಪ್ಪೆಯಲುಗಿಸಲಿಲ್ಲ. ಸುತ್ತಲಿದ್ದವರು ಅಚ್ಚರಿಪಟ್ಟರು. ಅಜ್ಜಿ, ಎಂಥ ಗದ್ದಲಕ್ಕೂ ಇದು ಬೆಚ್ಚೋದಿಲ್ಲ ಬುದ್ಧಿ, ಎಂದರು. ನಾವು ಆ ಕೂಸಿನ ಹಣೆಗೆ ವಿಭೂತಿಯಿಟ್ಟು, ಶಿವಯೋಗಿಯ ಲಕ್ಷಣವಮ್ಮ, ಹೊರಗಿನ ಶಬ್ದ ಇದನ್ನು ಮುಟ್ಟುವುದಿಲ್ಲ, ಎಂದುಬಿಟ್ಟೆವು. ಎಲ್ಲರೂ ಕೈಮುಗಿದರು. ನಾವು ಪ್ರಸಾದ ಸ್ವೀಕರಿಸಿ ಮುಂದಿನ ಊರಿಗೆ ಹೊರಟೆವು.

ಆಮೇಲೆ ನಡೆದದ್ದನ್ನು ನಾವು ಕೇಳಿ ತಿಳಿದದ್ದು. ಮಗುವಿಗೆ ಏಳು ತಿಂಗಳಾದಾಗ ಅದರ ತಾಯಿ ಅಡುಗೆಮನೆಯಲ್ಲಿ ಹಿತ್ತಾಳೆಯ ಪರಾತವನ್ನು ಕೈಜಾರಿ ಬೀಳಿಸಿದಳು. ಎದುರಿಗೆ ಬೆನ್ನುಮಾಡಿ ಕುಳಿತಿದ್ದ ಮಗು ತಿರುಗಿ ನೋಡಲಿಲ್ಲ. ಅವಳು ಮತ್ತೆ ಬೇಕೆಂದೇ ಬೀಳಿಸಿದಳು, ಆಗಲೂ ನೋಡಲಿಲ್ಲ. ಅತ್ತೆಗೆ ಹೇಳಿದಳು, ಗಂಡನಿಗೆ ಹೇಳಿದಳು. ಬುದ್ಧಿಯವರೇ ಯೋಗಿಯೆಂದಿದ್ದಾರೆ, ನಿನ್ನದೊಂದು ಅಪಶಕುನದ ಮಾತು, ಎಂದರು. ಮೊದಲ ತಿಂಗಳುಗಳಲ್ಲಿ ಊಂ ಆಂ ಎಂದು ಗುನುಗುತ್ತಿದ್ದ ಮಗು ಬರಬರುತ್ತ ಮೌನವಾಯಿತು. ಕಿವಿ ಕೇಳದ ಕೂಸೂ ಮೊದಲಲ್ಲಿ ಗುನುಗುತ್ತದೆ. ತನ್ನ ದನಿ ತನಗೆ ಮರಳಿ ಕೇಳದಿರುವುದರಿಂದ ಬಬ್ಬಬ್ಬ, ದದ್ದದ್ದ ಎಂಬ ತೊದಲು ಕಾಲಕ್ಕೆ ಸರಿಯಾಗಿ ಬರುವುದಿಲ್ಲ. ಅವರ ಅಜ್ಜನೂ ತಡವಾಗಿಯೇ ಮಾತು ಕಲಿತದ್ದು, ಗಂಡುಮಕ್ಕಳು ತಡವೇ, ಎಂದು ಸಮಾಧಾನ ಹೇಳುವವರು ಹೇಳಿದರು. ಗಂಡಹೆಂಡಿರು ಸೋದರಿಕೆಯ ಸಂಬಂಧದವರು. ಹೊರಗೆ ತಿಳಿದರೆ ಎರಡು ಮನೆಗಳ ಮೇಲೂ ಮಾತು ಬರುವುದೆಂಬ ಅಂಜಿಕೆಯೂ ಒಳಗೊಳಗೇ ಇತ್ತು. ಆ ಮನೆಯಲ್ಲಿ ಕಿವಿ ಕೇಳದವರು ಮಗು ಒಂದೇ ಆಗಿರಲಿಲ್ಲ. ಎರಡೂವರೆ ವರುಷವಾದಾಗ ಅಂಗನವಾಡಿಯ ಕಾರ್ಯಕರ್ತೆ ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ, ತಪಾಸಣೆಗೆ ಬಂದ ವೈದ್ಯರ ತಂಡಕ್ಕೆ ತೋರಿಸಿದಳು. ಎರಡು ಕಿವಿಗಳೂ ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ.

ವೈದ್ಯರ ನಿಯಮ ಹೀಗಿದೆ: ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ಮಾತು ಮೊಳೆಯುವ ಮಣ್ಣು ಆ ಮೊದಲ ವರುಷಗಳಲ್ಲಿ ಹದವಾಗಿರುತ್ತದೆ. ನಮ್ಮ ಒಂದು ಹೊಗಳಿಕೆಯಿಂದ ಆ ಮಗು ಎರಡು ವರುಷದ ಹದವನ್ನು ಕಳೆದುಕೊಂಡಿತು. ನಾವು ಆ ಮನೆಗೆ ಹೋಗಿ ತಾಯಿಯ ಎದುರಿಗೆ ತಪ್ಪೊಪ್ಪಿಕೊಂಡೆವು. ಅವಳು ಏನನ್ನೂ ಆಡಲಿಲ್ಲ. ಮುದುಕಿಯೇ, ನಿಮ್ಮದೇನು ಬುದ್ಧಿ, ಅವನ ಹಿಂದಿನ ಕರ್ಮ, ಎಂದರು.

ಈ ಕರ್ಮದ ಮಾತಿಗೆ ನಾವು ಅಂದೇ ಅಲ್ಲಿಯೇ ಉತ್ತರ ಕೊಡಬೇಕಾಯಿತು. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನಿಂದ ಯಾರನ್ನೂ ಕೀಳೆಂದು ಎಣಿಸಲಿಲ್ಲ. ಜನನಸೂತಕವನ್ನೇ ಒಪ್ಪದವರು ಜನ್ಮಕ್ಕೆ ಅಂಟಿದ ಶಿಕ್ಷೆಯನ್ನು ಒಪ್ಪುವುದೆಂತು? ಹುಟ್ಟಿನಲ್ಲಿಯೇ ಥೈರಾಯ್ಡ್ ಗ್ರಂಥಿಯ ಕೊರತೆಯಿರುವ ಕೂಸುಗಳುಂಟು. ಕಂಡುಹಿಡಿಯದೆ ಬಿಟ್ಟರೆ ಅವುಗಳ ಬುದ್ಧಿಯೂ ಮೈಯೂ ಕುಂಠಿತವಾಗುತ್ತವೆ. ಹಿಂದೆ ಇದಕ್ಕೂ ಕರ್ಮವೆಂದೇ ಹೆಸರಿತ್ತು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಅದು ತಿಳಿಯುತ್ತದೆ. ಮೊದಲ ಎರಡು ವಾರಗಳಲ್ಲಿ ದಿನಕ್ಕೊಂದು ಸಣ್ಣ ಮಾತ್ರೆಯನ್ನು ಆರಂಭಿಸಿದರೆ ಮಗು ಉಳಿದ ಮಕ್ಕಳಂತೆಯೇ ಬೆಳೆಯುತ್ತದೆ. ಒಂದು ಮಾತ್ರೆಗೆ ಅಳಿಯುವಂತಹದನ್ನು ಏಳು ಜನ್ಮದ ಪಾಪವೆಂದು ಹೊರುವವರ ಬುದ್ಧಿಗೆ ಏನೆನ್ನೋಣ? ಎಲ್ಲ ಕೊರತೆಯೂ ಮಾತ್ರೆಗೆ ವಾಸಿಯಾಗುವುದಿಲ್ಲ, ನಿಜ. ವಾಸಿಯಾಗದ ಮಗುವೂ ಲಿಂಗವಂತನ ಮನೆಯ ಮಗುವೇ. ಅದಕ್ಕೆ ಬಾಗಿಲು ಮುಚ್ಚಿದ ಕೋಣೆ ಸಲ್ಲದು, ಅಂಗಳವೂ ಪಂಕ್ತಿಯೂ ಸಲ್ಲುತ್ತವೆ.

ಯಾವಾಗ ಕಾಯಬೇಕು, ಯಾವಾಗ ಕಾಯಬಾರದು ಎಂದು ನೀವು ಕೇಳುವಿರಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಿಗೂ ನಡೆಯದಿದ್ದರೆ ಅಥವಾ ಒಂದೂ ಮಾತು ಬಾರದಿದ್ದರೆ, ಎರಡು ವರುಷಕ್ಕೂ ಅಜ್ಜಿ ಬಾ, ನೀರು ಕೊಡು ಎಂದು ಎರಡು ಪದ ಕೂಡಿಸದಿದ್ದರೆ ವೈದ್ಯರಿಗೆ ತೋರಿಸಿರಿ. ವರುಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವುದನ್ನು ಚುರುಕುತನವೆಂದು ಮೆಚ್ಚದೆ, ಇನ್ನೊಂದು ಕೈಗೆ ಏನಾಗಿದೆಯೆಂದು ಕೇಳಿರಿ. ಬಂದ ಮಾತು ಹೋದರೆ, ಕಲಿತ ಆಟ ಮ‌ರೆತರೆ ಯಾವ ವಯಸ್ಸಿನಲ್ಲಾದರೂ ಒಂದು ವಾರವೂ ತಡೆಯಬಾರದು. ಇವೆಲ್ಲಕ್ಕಿಂತ ಮಿಗಿಲಾಗಿ, ಏನೋ ಸರಿಯಿಲ್ಲವೆಂದು ಹೆತ್ತವಳಿಗೆ ಅನ್ನಿಸಿದರೆ ಅದೇ ಸಾಕಾದ ಕಾರಣ. ತೋರಿಸಿ ಬಂದ ಮೇಲೆ ಏನೂ ಇಲ್ಲವೆಂದಾದರೆ ಕಳೆದುಕೊಂಡದ್ದು ಒಂದು ದಿನದ ಕೂಲಿ.

ದೂರವೂ ಹೋಗಬೇಕಾಗಿಲ್ಲ. ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡಿನಲ್ಲಿ ಯಾವ ತಿಂಗಳಿಗೆ ಯಾವ ಆಟವೆಂಬುದನ್ನು ಚಿತ್ರಸಹಿತವಾಗಿ ಕೊಟ್ಟಿದ್ದಾರೆ. ಲಸಿಕೆಯ ಪುಟವನ್ನು ತೆರೆಯುವವರು ಆ ಪುಟವನ್ನೂ ತೆರೆಯಲಿ. 1975ರ ಅಕ್ಟೋಬರ್ 2ರಂದು ನಮ್ಮ ನಾಡಿನ ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಈಗ ಹಳ್ಳಿಹಳ್ಳಿಗೂ ಬಂದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡ ವರುಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ಏರ್ಪಾಡಿದೆ. ಕೊರತೆ ಕಂಡ ಮಕ್ಕಳ ಚಿಕಿತ್ಸೆಗೆ ಸರಕಾರವೇ ನೆರವಾಗುತ್ತದೆ. ಆ ತಂಡ ಬಂದ ದಿನ, ಮಗು ಮಲಗಿದೆ, ಇನ್ನೊಮ್ಮೆ ನೋಡೋಣ, ಎಂದು ಬಾಗಿಲಿನಿಂದ ಹಿಂದಿರುಗಿಸಬೇಡಿರಿ. ಕಿವಿಗೂ ಮಾತಿಗೂ ಸಂಬಂಧಿಸಿದ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಡೂರು, ಬೀರೂರು, ತರೀಕೆರೆಗಳಿಂದ ಮೈಸೂರಿಗೆ ನೇರ ರೈಲುಗಾಡಿಯುಂಟು.

ಆ ತಾಯಿ ಹಿಡಿದದ್ದೂ ಅದೇ ಗಾಡಿಯನ್ನು. ಶಸ್ತ್ರಚಿಕಿತ್ಸೆಯಾಗಿ ಮಗುವಿನ ಕಿವಿಯ ಹಿಂದೆ ಯಂತ್ರವನ್ನು ಕೂರಿಸಿದ ಮೇಲೆ ಅವಳು ಅಲ್ಲಿಯೇ ಮನೆಮಾಡಿಕೊಂಡು ಅದಕ್ಕೆ ಮಾತಿನ ತರಬೇತಿ ಕೊಡಿಸಿದಳು. ಪರಾತವನ್ನು ಬೀಳಿಸಿ ನೋಡಿದ ಕೈಯೇ ದಿನಕ್ಕೆ ನೂರು ಸಲ ಅದರ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಪದವನ್ನು ಉಣಿಸಿತು. ಕಳೆದ ಶ್ರಾವಣದಲ್ಲಿ ಆ ಊರಿಗೆ ಮತ್ತೆ ಹೋಗಿದ್ದೆವು. ಸಮಾಳದ ಸದ್ದಿಗೆ ಹುಡುಗ ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡು ತಾಯಿಯ ಸೆರಗಿನ ಹಿಂದೆ ಅವಿತ. ಗದ್ದಲ ನಿಂತಮೇಲೆ ಅಜ್ಜಿ ಅವನನ್ನು ಮುಂದಕ್ಕೆ ತಳ್ಳಿ, ಬುದ್ಧಿಯವರಿಗೆ ಶರಣು ಅನ್ನು, ಎಂದರು. ಅವನು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬೆರಳು ತೋರಿಸಿ, ಗಟ್ಟಿಯಾಗಿ, “ಬುಡ್ಡಿ!” ಎಂದ. ಪಡಸಾಲೆಯೆಲ್ಲ ನಕ್ಕಿತು. ಸೀಮೆಎಣ್ಣೆಯ ದೀಪವೆಂದು ಕರೆಸಿಕೊಂಡದ್ದಕ್ಕೆ ನಾವೂ ನಕ್ಕೆವು. ತಾಯಿ ಮಾತ್ರ ನಗದೆ, ಅವನ ಗಲ್ಲವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿಯನ್ನು ತೋರಿಸುತ್ತ, ನಿಧಾನವಾಗಿ ಇನ್ನೊಮ್ಮೆ ಹೇಳಿಕೊಟ್ಟಳು.